ಕಟ್ಟಿಕೊಂಡ ಮಗುವಿನ ಕಾಲು ಡೊಂಕಾಗುವುದಿಲ್ಲ

ಮಾನ್ಯ ಸಂಪಾದಕರೇ,

ಮಗುವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಓಡಾಡಿದರೆ ಅದರ ಕಾಲು ಡೊಂಕಾಗುತ್ತದೆ, ಬೆನ್ನು ಬಾಗುತ್ತದೆ, ನಡೆಯುವುದು ತಡವಾಗುತ್ತದೆ ಎಂಬ ಮಾತು ಈಗ ದಕ್ಷಿಣ ಕೊಡಗಿನ ಕಾಫಿ ತೋಟಗಳಲ್ಲಿ ಕೆಲಸಗಾರರಿರುವ ಲೈನ್ ಮನೆಗಳವರೆಗೂ ಬಂದು ಮುಟ್ಟಿದೆ. ಮೊಬೈಲಿನಲ್ಲಿ ಬಂದದ್ದೋ, ಯಾರೋ ತಿಳಿದವರು ಅಂದದ್ದೋ, ಅಂತೂ ಹರಡಿದೆ. ಕಳೆದ ಕೊಯ್ಲಿನ ಸಮಯದಲ್ಲಿ ಅಂಗನವಾಡಿಯೊಂದರ ತಾಯಂದಿರ ಸಭೆಗೆ ಕರೆದಿದ್ದರು. ಅಲ್ಲಿ ಒಬ್ಬ ಹುಡುಗಿ ಎದ್ದು ನಿಂತು, "ಸಿಸ್ಟರ್, ಇನ್ನು ಮೇಲೆ ಇವಳನ್ನು ಕಟ್ಟಿಕೊಳ್ಳೋದಿಲ್ಲ. ವಾಕರ್ ತಂದಿದೀವಿ, ಮನೇಲೇ ಅದರಲ್ಲಿ ಕೂರಿಸ್ತೀವಿ" ಎಂದಳು. ಶಹಬ್ಬಾಸ್ ಅನ್ನುತ್ತೇನೆ ಎಂದುಕೊಂಡಿದ್ದಳು ಪಾಪ. ನನಗೆ ಆದದ್ದು ಗಾಬರಿ. ಅದಕ್ಕೇ ಈ ಪತ್ರ. ಉದ್ದವಾಯಿತು ಅನಿಸಿದರೆ ಕತ್ತರಿ ಹಾಕಿಕೊಳ್ಳಿ, ಸೊಂಟದ ಕೀಲಿನ ವಿಷಯವನ್ನೂ ವಾಕರ್ ವಿಷಯವನ್ನೂ ಮಾತ್ರ ಉಳಿಸಿಕೊಡಿ.

ನಾನು ಆರೋಗ್ಯ ಇಲಾಖೆಯಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿದ್ದು ನಿವೃತ್ತಳಾದವಳು. ಅಮ್ಮತ್ತಿ, ಸಿದ್ದಾಪುರ, ತಿತಿಮತಿ ಸುತ್ತಿನ ಉಪಕೇಂದ್ರಗಳಲ್ಲೇ ನನ್ನ ಕೆಲಸದ ಹೆಚ್ಚಿನ ಕಾಲ ಕಳೆಯಿತು. ಆದಿವಾಸಿ ಹಾಡಿಗಳಿಗೂ ತೋಟದ ಲೈನುಗಳಿಗೂ ಲಸಿಕೆ ಪೆಟ್ಟಿಗೆ ಹೊತ್ತು ನಡೆದೇ ಹೋಗಬೇಕಿದ್ದ ಕಾಲ ಅದು. ಬಾಣಂತಿಯರನ್ನೂ ಕೂಸುಗಳನ್ನೂ ನೋಡಿದಷ್ಟು ನಾನು ಬೇರೇನನ್ನೂ ನೋಡಿಲ್ಲ. ವೈದ್ಯಳಲ್ಲ. ಆದರೆ ತರಬೇತಿಯಲ್ಲಿ ಕಲಿತದ್ದನ್ನು ಮರೆತಿಲ್ಲ, ನಿವೃತ್ತಿಯಾದ ಮೇಲೆ ಓದುವುದನ್ನೂ ಬಿಟ್ಟಿಲ್ಲ.

ತೋಟದ ಹೆಂಗಸರು ಮಗುವನ್ನು ಹೇಗೆ ಕಟ್ಟಿಕೊಳ್ಳುತ್ತಾರೆಂದು ಹತ್ತಿರದಿಂದ ನೋಡದವರಿಗಾಗಿ ಹೇಳುತ್ತೇನೆ. ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆಯನ್ನು ಉದ್ದಕ್ಕೆ ಮಡಚುತ್ತಾರೆ. ಒಂದು ಹೆಗಲ ಮೇಲಿಂದ ಇಳಿಸಿ ಇನ್ನೊಂದು ಕಂಕುಳ ಕೆಳಗೆ ತಂದು, ಮುಂದೆ, ಹೆಗಲ ಮೂಳೆಯ ಹತ್ತಿರ ಗಂಟು ಹಾಕುತ್ತಾರೆ. ಗಂಟು ಬೆನ್ನಿನ ಕಡೆ ಹೋಗಬಾರದು, ಸಡಿಲವಾದರೆ ಕಣ್ಣಿಗೆ ಬೀಳುವುದಿಲ್ಲ. ಮಗುವನ್ನು ಮೊದಲು ಸೊಂಟದ ಮೇಲೆ ಕೂರಿಸಿಕೊಳ್ಳುತ್ತಾರೆ, ಒಂದು ಕಾಲು ತಾಯಿಯ ಹೊಟ್ಟೆಯ ಕಡೆ, ಇನ್ನೊಂದು ಬೆನ್ನಿನ ಕಡೆ. ಆಮೇಲೆ ಬಟ್ಟೆಯನ್ನು ಮಗುವಿನ ಕುಂಡಿಯ ಕೆಳಗೆ ತೂರಿಸಿ, ಈ ಮಂಡಿಯ ಹಿಂಬದಿಯಿಂದ ಆ ಮಂಡಿಯ ಹಿಂಬದಿಯವರೆಗೆ ಬಿಡಿಸಿ ಹರಡುತ್ತಾರೆ. ಮೇಲಂಚು ಮಗುವಿನ ಹೆಗಲವರೆಗೆ ಬರುತ್ತದೆ. ಕೊನೆಗೆ ತಾಯಿ ನಿಂತಲ್ಲೇ ಒಮ್ಮೆ ಮೆಲ್ಲಗೆ ಮೈ ಕುಲುಕುತ್ತಾಳೆ, ಮಗು ಬಟ್ಟೆಯೊಳಗೆ ಸರಿಯಾಗಿ ಇಳಿದು ಕೂರುತ್ತದೆ. ಕುಂಡಿ ಕೆಳಗೆ, ಮಂಡಿ ಅದಕ್ಕಿಂತ ಮೇಲೆ, ತೊಡೆಗಳು ತಾಯಿಯ ಸೊಂಟವನ್ನು ಬಳಸಿ ಅಗಲವಾಗಿ. ಇಷ್ಟೂ ಕೆಲಸ ಮುಗಿಯುವ ಹೊತ್ತಿಗೆ ಮೇಸ್ತ್ರಿ ಹಾಜರಿ ಕೂಗಿ ಮುಗಿಸಿರುವುದಿಲ್ಲ.

ಈಚೆಗೆ ಜಾರ್ಖಂಡ್, ಅಸ್ಸಾಂ ಕಡೆಯಿಂದ ಕೊಯ್ಲಿಗೆ ಬರುವ ಹೆಂಗಸರಲ್ಲಿ ಬೆನ್ನಿಗೆ ಕಟ್ಟಿಕೊಳ್ಳುವವರಿದ್ದಾರೆ. ಕುಶಾಲನಗರ ಪೇಟೆಯಲ್ಲಿ ಬೈಲಕುಪ್ಪೆಯ ಟಿಬೆಟನ್ ಅಜ್ಜಿಯಂದಿರು ಮೊಮ್ಮಕ್ಕಳನ್ನು ಬೆನ್ನಿಗೆ ಹಾಕಿಕೊಂಡು ತರಕಾರಿ ಚೌಕಾಸಿ ಮಾಡುವುದನ್ನೂ ನೋಡಿದ್ದೇನೆ. ಕಟ್ಟುವ ಕ್ರಮ ಒಬ್ಬೊಬ್ಬರದು ಒಂದೊಂದು. ಮಗು ಕೂರುವ ಭಂಗಿ ಮಾತ್ರ ಎಲ್ಲರಲ್ಲೂ ಅದೇ.

ಆ ಭಂಗಿಯೇ ಮುಖ್ಯ. ಹುಟ್ಟಿದ ಮಗುವಿನ ಸೊಂಟದ ಕೀಲು ನಮ್ಮ ನಿಮ್ಮ ಕೀಲಿನ ಹಾಗೆ ಗಟ್ಟಿಯಾಗಿರುವುದಿಲ್ಲ. ತೊಡೆಮೂಳೆಯ ಗುಂಡು ತಲೆ ಕೂರುವ ಬಟ್ಟಲು ಆಗಿನ್ನೂ ಬಹುಪಾಲು ಮೃದ್ವಸ್ಥಿ, ಆಳವೂ ಕಡಿಮೆ. ಒರಳಿನ ನಡುವೆ ಗುಂಡುಕಲ್ಲು ಕೂತು ತಿರುಗಿದರೆ ಗುಂಡಿ ಸಮನಾಗಿರುತ್ತದೆ, ಬದಿಗೆ ಸರಿದು ತಿರುಗಿದರೆ ಅಂಚು ಹೋಗುತ್ತದೆ. ಕೀಲಿನಲ್ಲೂ ಲೆಕ್ಕ ಅದೇ, ಒರಳು ಸವೆಯುತ್ತದೆ, ಬಟ್ಟಲು ಬೆಳೆಯುತ್ತದೆ ಅನ್ನುವುದಷ್ಟೇ ವ್ಯತ್ಯಾಸ. ಗುಂಡು ತಲೆ ನಡುವಿನಲ್ಲಿ ನೆಟ್ಟಗೆ ಕೂತಿದ್ದರೆ ಬಟ್ಟಲು ಅದರ ಸುತ್ತ ಆಳವಾಗಿ ಬೆಳೆಯುತ್ತದೆ. ಮೊದಲ ಆರು ತಿಂಗಳು ಇದಕ್ಕೆ ಬಹಳ ಮುಖ್ಯವಾದ ಕಾಲ. ಮಂಡಿ ಮಡಚಿ ತೊಡೆ ಅಗಲವಾಗಿದ್ದಾಗ ತಲೆ ನಡುವಿಗೆ ಬರುತ್ತದೆ. ಕಾಲನ್ನು ಎಳೆದು ನೇರ ಮಾಡಿ, ಎರಡನ್ನೂ ಜೋಡಿಸಿ ಬಿಗಿದರೆ ಅದು ಬಟ್ಟಲಿನಿಂದ ಹೊರಕ್ಕೆ ಒತ್ತುತ್ತದೆ.

ಈಗ ನಮ್ಮ ಬಾಣಂತನದ ಕೋಣೆಗೆ ಬನ್ನಿ. ಮಗುವಿಗೆ ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹೊಗೆ ತೋರಿಸಿ, ಕೈ ಮೈಗೆ ಸೇರಿಸಿ, ಕಾಲು ಎಳೆದು, "ಸೀದಾ ಇರಲಿ" ಎಂದು ಹಳೇ ಪಂಚೆಯಲ್ಲಿ ಕತ್ತಿನಿಂದ ಪಾದದವರೆಗೆ ಬಿಗಿಯಾಗಿ ಸುತ್ತಿ ಮಲಗಿಸುತ್ತಾರೆ. ಬಿಸಿನೀರಿನ ಹಿತಕ್ಕೆ ಮಗು ಗಂಟೆಗಟ್ಟಲೆ ನಿದ್ದೆ ಹೋಗುತ್ತದೆ, ಎಲ್ಲರಿಗೂ ಸಂತೋಷ. ಎಣ್ಣೆ ನೀರಿಗೆ ನನ್ನ ತಕರಾರಿಲ್ಲ. (ಹೊಗೆಗೆ ಇದೆ, ಅದು ಬೇರೆ ಪತ್ರ.) ತಕರಾರಿರುವುದು ಸೊಂಟದಿಂದ ಕೆಳಗಿನ ಆ ಬಿಗಿತಕ್ಕೆ. ಕೈ ಮೈ ಬೆಚ್ಚಗೆ ಸುತ್ತಿ, ಬೇಡ ಅನ್ನುವುದಿಲ್ಲ. ಕಾಲು ಮಡಚಿ ಒದೆಯಲು ಜಾಗ ಬಿಡಿ. ಕಾಲು ಡೊಂಕಾಗುತ್ತದೆ ಎಂಬ ಹೆದರಿಕೆಯಿಂದ ಮಾಡುವ ಕೆಲಸವೇ ಕೀಲಿಗೆ ಮುಳ್ಳಾಗುತ್ತದೆ. ಅದನ್ನು ಯಾರೂ ಪ್ರಶ್ನಿಸುವುದಿಲ್ಲ, ಕೀಲಿಗೆ ಒಳ್ಳೆಯದಾದ ಸೀರೆಕಟ್ಟನ್ನು ಎಲ್ಲರೂ ಪ್ರಶ್ನಿಸುತ್ತಾರೆ.

ಇದು ನನ್ನೊಬ್ಬಳ ಹಟದ ಮಾತಲ್ಲ. ಜಪಾನಿನಲ್ಲೂ ಹೀಗೇ ಕಾಲು ನೇರ ಮಾಡಿ ಸುತ್ತುವ ರೂಢಿಯಿತ್ತು. 1970ರ ದಶಕದಲ್ಲಿ ಅಲ್ಲಿನ ಮೂಳೆ ವೈದ್ಯರು ಅಜ್ಜಿಯಂದಿರನ್ನೂ ತಾಯಂದಿರನ್ನೂ ಗುರಿಯಾಗಿಟ್ಟುಕೊಂಡು ದೇಶದ ಉದ್ದಗಲಕ್ಕೂ ಪ್ರಚಾರ ಮಾಡಿದರು. ಅದಕ್ಕೂ ಮೊದಲು ನೂರು ಮಕ್ಕಳಲ್ಲಿ 1.1ರಿಂದ 3.5ರಷ್ಟು ಮಕ್ಕಳಲ್ಲಿ ಕಾಣುತ್ತಿದ್ದ ಸೊಂಟ ಜಾರುವ ದೋಷ, ಅಂದರೆ ಆ ಗುಂಡು ತಲೆ ಬಟ್ಟಲಿನಿಂದ ಜಾರುವುದು, ಆಮೇಲೆ 0.2ಕ್ಕಿಂತ ಕೆಳಗಿಳಿಯಿತು. ಆಫ್ರಿಕಾದ ಮಲಾವಿಯಲ್ಲಿ ತಾಯಂದಿರು ಮಗುವನ್ನು ಕಾಲು ಅಗಲಿಸಿ ಬೆನ್ನಿಗೆ ಕಟ್ಟಿಕೊಂಡೇ ಬೆಳೆಸುತ್ತಾರೆ. ಅಲ್ಲಿ ಕೆಲಸ ಮಾಡಿದ ಮೂಳೆ ವೈದ್ಯರು, ಈ ದೋಷಕ್ಕೆ ಶಸ್ತ್ರಚಿಕಿತ್ಸೆ ಮಾಡಬೇಕಾದ ಮಕ್ಕಳೇ ಹೆಚ್ಚುಕಡಿಮೆ ಕಾಣುವುದಿಲ್ಲವೆಂದು 2015ರಲ್ಲಿ ಬರೆದರು. ಅಮೆರಿಕದ ನವಾಹೋ ಬುಡಕಟ್ಟಿನವರು ಕಾಲು ನೇರ ಮಾಡಿ ಹಲಗೆಗೆ ಕಟ್ಟಿ ಮಕ್ಕಳನ್ನು ಸಾಕುತ್ತಿದ್ದ ಕಾಲದಲ್ಲಿ ಅವರಲ್ಲಿ ಈ ದೋಷ ವಿಪರೀತವಾಗಿತ್ತು.

ಇನ್ನೊಂದು ನೋಡಿ. ಸೊಂಟ ಜಾರಿದ ಕೂಸಿಗೆ ಆಸ್ಪತ್ರೆಯಲ್ಲಿ ಹಾಕುವ ಪಟ್ಟಿಗಳ ಸರಂಜಾಮೊಂದಿದೆ, ಪಾವ್ಲಿಕ್ ಹಾರ್ನೆಸ್ ಎನ್ನುತ್ತಾರೆ. ಅರ್ನಾಲ್ಡ್ ಪಾವ್ಲಿಕ್ ಎಂಬ ಚೆಕ್ ವೈದ್ಯರು 1940ರ ದಶಕದಲ್ಲಿ ರೂಪಿಸಿದ್ದು, ಇಂದಿಗೂ ಮೊದಲ ಆರು ತಿಂಗಳೊಳಗಿನ ಮಕ್ಕಳಿಗೆ ಅದೇ ಚಿಕಿತ್ಸೆ. ಅದು ಮಗುವನ್ನು ಹಿಡಿದಿಡುವ ಭಂಗಿ ಯಾವುದು ಗೊತ್ತೇ? ಮಂಡಿ ಮಡಚಿ ಮೇಲೆ, ತೊಡೆ ಅಗಲ. ಎದೆಗೆ ಮುಖ ಮಾಡಿ ಕಟ್ಟಿಕೊಳ್ಳುವ ಚೀಲಗಳಲ್ಲಿ ಮಗುವಿನ ಸೊಂಟ ಹೆಚ್ಚುಕಡಿಮೆ ಅದೇ ಹಾರ್ನೆಸ್ಸಿನ ಕೋನದಲ್ಲಿ ನಿಲ್ಲುತ್ತದೆಂದು 2020ರಲ್ಲಿ ಅಮೆರಿಕದ ಸಂಶೋಧಕರು ಅಳೆದು ತೋರಿಸಿದ್ದಾರೆ. ಹಾಗೆಂದು ಜಾರಿದ ಸೊಂಟವನ್ನು ಸೀರೆ ಕಟ್ಟಿ ವಾಸಿ ಮಾಡುತ್ತೇವೆಂದು ಯಾರೂ ಹೊರಡಬಾರದು, ಅದಕ್ಕೆ ಮೂಳೆ ವೈದ್ಯರೇ ಬೇಕು.

ಪೇಟೆಯ ಚೀಲಗಳ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಮೈಸೂರಿನಲ್ಲಿರುವ ನನ್ನ ಮಗಳು ಆನ್‌ಲೈನಿನಲ್ಲಿ ತರಿಸಿದ ಚೀಲ ನೋಡಿದೆ. ಬಕಲ್ಲು, ಜಿಪ್ಪು, ಬಾಟಲಿ ಇಡಲು ಜೇಬು ಎಲ್ಲ ಇದೆ, ಮಗು ಕೂರುವಲ್ಲಿ ಮಾತ್ರ ಅಂಗೈಯಗಲದ ಪಟ್ಟಿ. ಮಗುವಿನ ಭಾರವೆಲ್ಲ ತೊಡೆಸಂದಿಯ ಮೇಲೆ, ಕಾಲು ಎರಡೂ ಕೆಳಕ್ಕೆ ನೇತಾಡುತ್ತಿವೆ. "ಅಮ್ಮ, ಎಷ್ಟು ಕೊಟ್ಟಿದ್ದೇನೆ ಗೊತ್ತಾ?" ಎಂದಳು. ಕೊಟ್ಟಿದ್ದೀಯಮ್ಮ, ಬಟ್ಟೆ ಮಾತ್ರ ಅವರು ಉಳಿಸಿಕೊಂಡಿದ್ದಾರೆ ಎಂದೆ. ಅಂಥ ಚೀಲದಲ್ಲಿ ಕೂತ ಮಾತ್ರಕ್ಕೆ ಗಟ್ಟಿಮುಟ್ಟಾದ ಮಗುವಿನ ಸೊಂಟ ಜಾರುತ್ತದೆಂದು ಹೆದರಿಸುವುದಿಲ್ಲ. ಕೊಳ್ಳುವುದೇ ಆದರೆ ಮಂಡಿಯಿಂದ ಮಂಡಿಗೆ ಆಸರೆ ಕೊಡುವುದನ್ನು ಕೊಳ್ಳಿ, ಹೊಳೆಯುವ ಬಕಲ್ಲಿಗೆ ಮರುಳಾಗಬೇಡಿ.

ಸೀರೆಕಟ್ಟಿನ ಮೇಲೆ ಸುಮ್ಮನೆ ಅಪವಾದ ಬಂದದ್ದನ್ನು ನನ್ನ ಸುತ್ತಿನಲ್ಲೇ ಕಂಡಿದ್ದೇನೆ. ಚೊಚ್ಚಲ ಹೆಣ್ಣುಮಗು, ಕಾಲು ಮುಂದಾಗಿ ಹುಟ್ಟಿದ್ದು. ಈ ದೋಷ ಹೆಚ್ಚು ಕಾಣುವುದೇ ಹೆಣ್ಣುಮಕ್ಕಳಲ್ಲಿ, ಚೊಚ್ಚಲು ಮಕ್ಕಳಲ್ಲಿ, ಹೊಟ್ಟೆಯಲ್ಲಿ ಕುಂಡಿಯೋ ಕಾಲೋ ಕೆಳಗಾಗಿದ್ದವರಲ್ಲಿ, ಮನೆತನದಲ್ಲಿ ಯಾರಿಗಾದರೂ ಇದ್ದವರಲ್ಲಿ. ಆ ಮಗುವಿಗೆ ಮೂರು ಲಕ್ಷಣಗಳಿದ್ದವು. ಹೆರಿಗೆಯಾದ ಆಸ್ಪತ್ರೆಯಲ್ಲಿ ಯಾರೂ ಸೊಂಟ ನೋಡಿದಂತಿಲ್ಲ. ತವರಿನಲ್ಲಿ ಕಾಲು ಬಿಗಿದು ಸುತ್ತಿ ಬಾಣಂತನ ಆಯಿತು. ತೋಟಕ್ಕೆ ವಾಪಸು ಬಂದ ಮೇಲೆ ತಾಯಿ ಕಟ್ಟಿಕೊಂಡು ಕೆಲಸಕ್ಕೆ ಹೋದಳು. ಒಂದೂವರೆ ವರ್ಷಕ್ಕೆ ನಡೆಯತೊಡಗಿದಾಗ ಕುಂಟು ಕಂಡಿತು. ಅತ್ತೆಯ ಬಾಯಲ್ಲಿ ಮೊದಲು ಬಂದದ್ದೇ "ನೀನು ಕಟ್ಟಿಕೊಂಡು ತಿರುಗಿದ್ದಕ್ಕೆ" ಎಂಬ ಮಾತು. ಒಂದು ಮಗುವಿಗೆ ಇದು ಇಂಥದ್ದರಿಂದಲೇ ಬಂತೆಂದು ಬೆರಳು ಮಾಡಿ ಹೇಳಲು ಯಾವ ವೈದ್ಯರಿಗೂ ಆಗುವುದಿಲ್ಲ. ಆದರೆ ಆ ಮನೆಯಲ್ಲಿ ನಡೆದುದರಲ್ಲಿ ಕೀಲಿಗೆ ಹಿತವಾದದ್ದು ಏನಾದರೂ ಇದ್ದರೆ ಅದು ಆ ಸೀರೆಕಟ್ಟೇ.

ಊರು ಬಿಟ್ಟು ದೂರದ ದೊಡ್ಡ ಆಸ್ಪತ್ರೆಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿದರು. ಎದೆಯ ಕೆಳಗಿಂದ ಪಾದದವರೆಗೆ ಪ್ಲಾಸ್ಟರ್. ಜುಲೈ ತಿಂಗಳು, ಕೊಡಗಿನ ಮಳೆ ಗೊತ್ತಲ್ಲ, ಉಟ್ಟ ಬಟ್ಟೆಯೇ ಒಣಗದು. ಉಚ್ಚೆ ಒಳಗೆ ಇಳಿಯದಂತೆ ಪ್ಲಾಸ್ಟರಿನ ಅಂಚಿಗೆ ಪ್ಲಾಸ್ಟಿಕ್ ಸಿಕ್ಕಿಸಿ, ಒದ್ದೆ ಬಟ್ಟೆಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಹರಡಿ, ಆ ಅತ್ತೆಯೇ ರಾತ್ರಿಯೆಲ್ಲ ಕೂತು ನೋಡಿಕೊಂಡರು. ಒಳಗೆ ಎಲ್ಲೋ ನವೆಯಾಗಿ ಮಗು ಅಳುತ್ತಿತ್ತು, ಕೆರೆಯಲು ಕೈ ಹೋಗುತ್ತಿರಲಿಲ್ಲ. ಸೊಸೆಯ ಮೇಲಿನ ಸಿಟ್ಟು ಆ ದಿನಗಳಲ್ಲಿ ತಾನಾಗಿ ಇಳಿಯಿತು. ಇದೇ ದೋಷ ಒಂದೂವರೆ ತಿಂಗಳಿಗೆ ಸಿಕ್ಕಿದ್ದರೆ ಬಹುಶಃ ಪಟ್ಟಿಗಳಲ್ಲೇ ಮುಗಿಯುತ್ತಿತ್ತು.

ಸೊಂಟ ನೋಡುವುದಕ್ಕೆ ಯಂತ್ರ ಬೇಕಿಲ್ಲ, ಶುರುವಿಗೆ ತಿಳಿದವರ ಕೈ ಸಾಕು. ಮಗುವನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಎರಡೂ ಮಂಡಿ ಮಡಚಿ, ತೊಡೆಗಳನ್ನು ಮೆಲ್ಲಗೆ ಹೊರಕ್ಕೆ ಬಿಡಿಸಬೇಕು. ಸರಿಯಿದ್ದ ಕಡೆ ಹೆಚ್ಚುಕಡಿಮೆ ಚಾಪೆಯವರೆಗೆ ಹೋಗುತ್ತದೆ, ದೋಷವಿದ್ದ ಕಡೆ ಅರ್ಧದಲ್ಲೇ ತಡೆದಂತಾಗುತ್ತದೆ. ಮಡಚಿದ ಮಂಡಿಗಳ ಎತ್ತರ ಸಮ ಇದೆಯೇ, ತೊಡೆಯ ಮಡಿಕೆಗಳು ಎರಡೂ ಕಡೆ ಒಂದೇ ಥರ ಇವೆಯೇ ಎಂದೂ ನೋಡುತ್ತಾರೆ. ಎರಡೂ ಕಡೆ ದೋಷವಿದ್ದರೆ ಹೋಲಿಸಲು ಸರಿಯಾದ ಕಡೆ ಇರುವುದಿಲ್ಲ, ಅಂಥದ್ದು ಕಣ್ತಪ್ಪಿಸುತ್ತದೆ. ಹುಟ್ಟಿದ ಹೊಸತರಲ್ಲಿ ವೈದ್ಯರು ಕೀಲನ್ನು ಕೈಯಲ್ಲಿ ಆಡಿಸಿ ನೋಡುವ ಪರೀಕ್ಷೆ ಬೇರೆ ಇದೆ, ಅದನ್ನು ಮನೆಯಲ್ಲಿ ಯಾರೂ ಮಾಡಕೂಡದು. ಅನುಮಾನ ಬಂದರೆ ನಾಲ್ಕಾರು ತಿಂಗಳವರೆಗೆ ಸ್ಕ್ಯಾನಿಂಗ್, ಆಮೇಲೆ ಎಕ್ಸ್‌ರೇ.

ಇನ್ನು ಡೊಂಕು ಕಾಲಿನ ವಿಚಾರ. ಮಕ್ಕಳ ಕಾಲು ಹುಟ್ಟುವಾಗಲೇ ಸ್ವಲ್ಪ ಬಿಲ್ಲಿನಂತೆ ಬಾಗಿರುತ್ತದೆ. ಒಂದೂವರೆ ಎರಡು ವರ್ಷದವರೆಗೆ ಹಾಗೇ ಇದ್ದು ನೇರವಾಗುತ್ತದೆ, ಮೂರು ನಾಲ್ಕು ವರ್ಷದಲ್ಲಿ ಮಂಡಿ ಮಂಡಿ ತಾಗುವಷ್ಟು ಒಳಕ್ಕೆ ಬರುತ್ತದೆ, ಏಳರ ಹೊತ್ತಿಗೆ ದೊಡ್ಡವರ ಕಾಲಿನಂತಾಗುತ್ತದೆ. ಕಟ್ಟಿಕೊಂಡ ಮಗುವಿಗೂ ತೊಟ್ಟಿಲಲ್ಲಿ ಬೆಳೆದ ಮಗುವಿಗೂ ಇದೇ ಕ್ರಮ. ಬಾಗು ಹೆಚ್ಚುತ್ತಲೇ ಹೋದರೆ, ಎರಡು ವರ್ಷ ದಾಟಿದರೂ ನೇರವಾಗದಿದ್ದರೆ, ಅಥವಾ ಒಂದೇ ಕಾಲು ಬಾಗಿದ್ದರೆ ತೋರಿಸಬೇಕು. ಅಂಥ ಮಕ್ಕಳಲ್ಲಿ ಡಿ ಜೀವಸತ್ವದ ಕೊರತೆಯಿಂದ ಬರುವ ರಿಕೆಟ್ಸ್ ಇರಬಹುದು. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೆಲ್ಲಿ ಕಾಣುತ್ತದೆ? ಮೊದಲ ವರ್ಷ ದಿನಕ್ಕೆ 400 ಯೂನಿಟ್ ಡಿ ಜೀವಸತ್ವದ ಹನಿ ಕೊಡಿ ಎಂದು ಮಕ್ಕಳ ವೈದ್ಯರು ಹೇಳುವುದು ಅದಕ್ಕೇ. ಹನಿ ಹಾಕುವುದು ಬಿಟ್ಟು ಸೀರೆಯ ಮೇಲೆ ತಪ್ಪು ಹೊರಿಸಿದರೆ ಕಾಲು ನೇರವಾಗದು.

ಬೆನ್ನಿನದೂ ಹಾಗೇ. ಕೂಸಿನ ಬೆನ್ನು ಹುಟ್ಟುವಾಗ ಒಂದೇ ಬಾಗಾಗಿರುತ್ತದೆ. ಮೂರು ನಾಲ್ಕು ತಿಂಗಳಿಗೆ ಕತ್ತು ನಿಂತಾಗ ಕತ್ತಿನ ಬಾಗೂ, ನಿಂತು ನಡೆಯುವಾಗ ಸೊಂಟದ ಬಾಗೂ ಮೂಡುತ್ತವೆ. ಬಟ್ಟೆ ಆ ಬಾಗಿಗೆ ಒದಗುವಂತೆ ಮೈಗೆ ಅಂಟಿ ಕೂತರೆ ಸಾಕು. ತಾಯಿ ಒಂದೊಂದು ಹೆಜ್ಜೆ ಇಟ್ಟಾಗಲೂ, ಬಗ್ಗಿ ಎದ್ದಾಗಲೂ, ಎಚ್ಚರವಿರುವ ಮಗು ತನ್ನ ತಲೆಯನ್ನೂ ಮೈಯನ್ನೂ ಸರಿಪಡಿಸಿಕೊಳ್ಳುತ್ತಲೇ ಇರುತ್ತದೆ, ಅದೂ ಒಂದು ಕಸರತ್ತೇ. ಇಡೀ ದಿನ ಅಂಗಾತ ಮಲಗಿ ತಲೆಯ ಹಿಂಭಾಗ ಚಪ್ಪಟೆಯಾಗುವುದೂ ಇದರಿಂದ ತಪ್ಪುತ್ತದೆ. ಮಲಗಿಸುವಾಗ ಅಂಗಾತವೇ ಮಲಗಿಸಬೇಕು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಕಟ್ಟಿಕೊಳ್ಳುವುದು ಒಳ್ಳೆಯದು ಎಂದ ಮಾತ್ರಕ್ಕೆ ಬೆಳಿಗ್ಗೆ ಕಟ್ಟಿದ್ದನ್ನು ಸಂಜೆ ಬಿಚ್ಚುವುದಲ್ಲ. ಇಲ್ಲಿ ನಾನು ತೋಟದ ಹೆಂಗಸರ ಪರವಾಗಿಯೂ ಮಾತಾಡುತ್ತಿಲ್ಲ, ಅವರನ್ನು ಕೆಲಸಕ್ಕಿಟ್ಟವರ ಪರವಾಗಿಯೂ ಮಾತಾಡುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿ, ಒಂದು ವರ್ಷದೊಳಗಿನ ಮಗುವನ್ನು ತಳ್ಳುಗಾಡಿಯಲ್ಲಾಗಲಿ ಕುರ್ಚಿಯಲ್ಲಾಗಲಿ ತಾಯಿಯ ಬೆನ್ನಿನಲ್ಲಾಗಲಿ ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿ ಕೂರಿಸಬಾರದು ಎನ್ನುತ್ತದೆ. ಇನ್ನೂ ತೆವಳದ ಮಗುವನ್ನು ಎಚ್ಚರವಿರುವಾಗ ದಿನಕ್ಕೆ ಒಟ್ಟು ಕನಿಷ್ಠ 30 ನಿಮಿಷ, ಸ್ವಲ್ಪ ಸ್ವಲ್ಪವಾಗಿ, ಬೋರಲು ಹಾಕಬೇಕು ಎಂದೂ ಹೇಳುತ್ತದೆ. ಬೋರಲು ಬಿದ್ದ ಮಗು ಕತ್ತೆತ್ತಬೇಕು, ಮೊಣಕೈ ಊರಬೇಕು, ಮಗುಚಬೇಕು. ಇದನ್ನು ಬಟ್ಟೆಯೊಳಗೆ ಕೂತು ಕಲಿಯಲಾಗದು.

ನಡಿಗೆ ತಡವಾಗುತ್ತದೆ ಎಂಬ ಮಾತಿನಲ್ಲಿ ಇಷ್ಟು ನಿಜವಿದೆ. ಪರಾಗ್ವೆಯ ಕಾಡುಗಳಲ್ಲಿ ಅಚೆ ಎಂಬ ಜನ ಮಕ್ಕಳನ್ನು ನೆಲಕ್ಕೇ ಬಿಡದೆ ಹೊತ್ತು ತಿರುಗುತ್ತಿದ್ದರು, ಅವರ ಮಕ್ಕಳು ನಡೆಯುತ್ತಿದ್ದುದು ಎರಡು ವರ್ಷದ ಹತ್ತಿರ. ಬೆಳೆದ ಮೇಲೆ ಅದೇ ಮಕ್ಕಳು ಮರ ಹತ್ತುವುದರಲ್ಲಿ ನಿಸ್ಸೀಮರು. ಕೆನ್ಯಾದ ಕಿಪ್ಸಿಗಿಸ್ ತಾಯಂದಿರೂ ಮಕ್ಕಳನ್ನು ಹೊರುವವರೇ. ಅವರು ಇಳಿಸಿದಾಗಲೆಲ್ಲ ಕೂರಿಸಿ, ನಿಲ್ಲಿಸಿ ಅಭ್ಯಾಸ ಮಾಡಿಸುತ್ತಿದ್ದರಿಂದ ಆ ಮಕ್ಕಳು ಅಮೆರಿಕದ ಮಕ್ಕಳಿಗಿಂತ ಬೇಗ ಕೂರುತ್ತಿದ್ದವು, ಬೇಗ ನಡೆಯುತ್ತಿದ್ದವು. ನಡಿಗೆ ಬೇಗವೋ ತಡವೋ ಎಂಬುದು ಬಟ್ಟೆ ಬಿಚ್ಚಿದ ಮೇಲೆ ಏನು ಮಾಡುತ್ತೀರಿ ಎನ್ನುವುದರ ಮೇಲೆ ನಿಂತಿದೆ. ಅಂದಹಾಗೆ ಆರೋಗ್ಯವಾಗಿರುವ ಮಕ್ಕಳು ಸ್ವತಂತ್ರವಾಗಿ ನಡೆಯುವುದು ಸುಮಾರು 8 ತಿಂಗಳಿಂದ 17-18 ತಿಂಗಳ ನಡುವೆ ಯಾವಾಗ ಬೇಕಾದರೂ ಆಗಬಹುದು. ಪಕ್ಕದ ಮನೆಯ ಮಗು ಹತ್ತು ತಿಂಗಳಿಗೇ ನಡೆಯಿತೆಂದು ನಿಮ್ಮದರ ಕೈ ಹಿಡಿದು ಎಳೆಯಬೇಡಿ.

ಬೇಗ ನಡೆಯಲಿ ಎಂದೇ ಜನ ವಾಕರ್ ತರುವುದು. ಅದು ಮಾಡುವುದು ತಿರುಗಾಮುರುಗಾ. ವಾಕರಿನಲ್ಲಿ ಕೂತ ಮಗು ಬೆರಳ ತುದಿಯಿಂದ ನೆಲ ಒದ್ದು ಜಾರುತ್ತದೆ, ತನ್ನ ಪಾದ ತನಗೇ ಕಾಣುವುದಿಲ್ಲ, ಮೈತೂಕ ತಾನು ಹೊರಬೇಕಿಲ್ಲ. ಆಯ ತಪ್ಪಿ ಬಿದ್ದು ಎದ್ದು ಕಲಿಯುವ ಅವಕಾಶವೂ ಇಲ್ಲ. ಅದರ ಮೇಲೆ ಅಪಾಯ. ಲೈನ್ ಮನೆಯ ಬಾಗಿಲು ದಾಟಿದರೆ ಮೆಟ್ಟಿಲು, ಒಳಗೆ ನೆಲದ ಮಟ್ಟದಲ್ಲೇ ಒಲೆ, ಪಕ್ಕದಲ್ಲಿ ಬಿಸಿನೀರಿನ ಹಂಡೆ. ಚಕ್ರದ ಮೇಲಿರುವ ಮಗು ಇವನ್ನೆಲ್ಲ ತಲುಪಲು ಎಷ್ಟು ಹೊತ್ತು ಬೇಕು? ಕೆನಡಾದಲ್ಲಿ 2004ರಿಂದ ವಾಕರ್ ಮಾರುವುದನ್ನೂ ಆಮದು ಮಾಡುವುದನ್ನೂ ನಿಷೇಧಿಸಿದ್ದಾರೆ. ನಮ್ಮಲ್ಲಿ ನಾಮಕರಣಕ್ಕೆ ಉಡುಗೊರೆ ಕೊಡುತ್ತಾರೆ.

ಬಟ್ಟೆಗೂ ಅಪಾಯವಿಲ್ಲವೆಂದಲ್ಲ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 2010ರಲ್ಲಿ ಜೋಳಿಗೆಯಂಥ ಚೀಲಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಉಸಿರುಕಟ್ಟಿ ಕೂಸುಗಳು ಸತ್ತಿದ್ದವು, ಅದರಲ್ಲಿ ನಾಲ್ಕು ತಿಂಗಳೊಳಗಿನವೇ ಹೆಚ್ಚು. ಕತ್ತು ನಿಲ್ಲದ ಮಗು ಬಟ್ಟೆಯೊಳಗೆ ಮುದುಡಿ ಗದ್ದ ಎದೆಗೆ ಒತ್ತಿದರೆ ಉಸಿರಿನ ದಾರಿ ಮುಚ್ಚುತ್ತದೆ, ಅದು ಸದ್ದೂ ಮಾಡುವುದಿಲ್ಲ. ನಮ್ಮಲ್ಲಿ ಇದು ಮಳೆಗಾಲದ ಅಪಾಯ. ಬೆನ್ನಿಗೋ ಕಂಕುಳಿಗೋ ಮಗು ಕಟ್ಟಿ, ಮೇಲಿಂದ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಹೋಗುವುದನ್ನು ಕಂಡಾಗಲೆಲ್ಲ ನಾನು ತಡೆದು ನಿಲ್ಲಿಸಿದ್ದೇನೆ, ಬೈಸಿಕೊಂಡೂ ಇದ್ದೇನೆ. ಕೂಸಿಗೆ ಕತ್ತು ನಿಲ್ಲುವವರೆಗೆ ಎದೆಯ ಮೇಲೆ ನೆಟ್ಟಗೆ ಕಟ್ಟಿ, ಪಕ್ಕಕ್ಕೋ ಬೆನ್ನಿಗೋ ಬೇಡ. ಮುಖ ಸದಾ ಕಣ್ಣಿಗೆ ಕಾಣುತ್ತಿರಬೇಕು, ಬಗ್ಗಿದರೆ ತಲೆಗೆ ಮುತ್ತು ಕೊಡುವಷ್ಟು ಹತ್ತಿರವಿರಬೇಕು, ಗದ್ದದ ಕೆಳಗೆ ಎರಡು ಬೆರಳು ಹೋಗಬೇಕು, ಬಟ್ಟೆ ಸಡಿಲವಾಗಿ ಮಗು ಕುಸಿಯಬಾರದು. ಒಲೆಯ ಮುಂದೆ ಬೇಡ, ಮೆಣಸು ಕೊಯ್ಯಲು ಏಣಿ ಹತ್ತುವಾಗ ಬೇಡ, ಗಿಡಗಳಿಗೆ ಬೋರ್ಡೋ ಔಷಧಿ ಹೊಡೆಯುವ ಕಡೆ ಸುತ್ತಮುತ್ತಲೂ ಬೇಡ, ಸ್ಕೂಟರಿನಲ್ಲಂತೂ ಬೇಡವೇ ಬೇಡ. ತಿಂಗಳು ತುಂಬದೆ ಹುಟ್ಟಿದ, ತೂಕ ಕಡಿಮೆಯಿರುವ ಕೂಸಿಗೆ ವೈದ್ಯರನ್ನು ಕೇಳಿಯೇ ಕಟ್ಟಬೇಕು.

ಹಾಗೆಂದು ತೂಕ ಕಡಿಮೆಯ ಕೂಸುಗಳನ್ನು ಮೈಯಿಂದ ದೂರ ಇಡಿ ಎಂದಲ್ಲ. ಆಸ್ಪತ್ರೆಗಳಲ್ಲಿ ಈಗ ಕಾಂಗರೂ ಆರೈಕೆ ಎಂದು ಮಾಡಿಸುತ್ತಾರಲ್ಲ, ತಾಯಿಯ ಬರಿ ಎದೆಗೆ ಬರಿ ಮೈಯ ಕೂಸನ್ನು ಕಟ್ಟುವುದು. ಅದು 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಹುಟ್ಟಿದ ಪದ್ಧತಿ. ನಮ್ಮದೇ ರಾಜ್ಯದ ಕೊಪ್ಪಳದಲ್ಲಿ ಜಿಲ್ಲೆಗೆ ಜಿಲ್ಲೆಯನ್ನೇ ತೆಗೆದುಕೊಂಡು ಇದನ್ನು ಮಾಡಿ ತೋರಿಸಿದ್ದಾರೆ. ಕೊಪ್ಪಳಕ್ಕೆ ಆದದ್ದು ಕೊಡಗಿಗೆ ಆಗದೇ?

ಗಂಡಸರಿಗೂ ಒಂದು ಮಾತು. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂ ಮುಡಿಸಿ ಹೆಗಲಿಗೇರಿಸುವ ಊರು ನಮ್ಮದು. ಅದೇ ಹೆಗಲಿಗೆ ಅರ್ಧ ಗಂಟೆ ಮಗುವನ್ನೂ ಕಟ್ಟಿಕೊಂಡರೆ ತಾಯಿಗೆ ಅಷ್ಟು ಹೊತ್ತು ಬೆನ್ನು ನೆಲಕ್ಕೆ ತಾಗುತ್ತದೆ. ಹೊಟ್ಟೆ ಕೊಯ್ದು ಹೆರಿಗೆಯಾದವಳಿಗಂತೂ ಮೊದಲ ವಾರಗಳಲ್ಲಿ ಇದು ಬೇಕೇ ಬೇಕು.

ಈಗ ಕೇಳಬೇಕಾದದ್ದನ್ನು ಕೇಳುತ್ತೇನೆ. ಸೊಂಟದ ಕೀಲಿನ ಈ ದೋಷ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ 2013ರಿಂದಲೂ ಇದೆ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಪ್ರತಿ ಮಗುವೂ ಚುಚ್ಚುಮದ್ದಿಗೆ ಬಂದೇ ಬರುತ್ತದೆ. ಸೂಜಿ ಚುಚ್ಚುವ ತೊಡೆಯನ್ನೇ ಅದಕ್ಕೂ ಮೊದಲು ಒಮ್ಮೆ ಬಿಡಿಸಿ ನೋಡಿದರೆ ಆಯಿತು. ಹುಟ್ಟಿದ ಮೇಲೆ ಮನೆಗೆ ಬರುವ ಆಶಾ ಕಾರ್ಯಕರ್ತೆಯರಿಗೆ, ಕಾಲು ಬಿಗಿದು ಸುತ್ತಬೇಡಿ ಎಂದು ಹೇಳುವುದನ್ನೂ ಬಟ್ಟೆ ಕಟ್ಟುವ ಕ್ರಮವನ್ನೂ ಕಲಿಸಲಿ. ಕುಂಡಿಯೋ ಕಾಲೋ ಮುಂದಾಗಿ ಹುಟ್ಟಿದ ಹೆಣ್ಣುಮಕ್ಕಳ ತಾಯಿ ಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಲಿ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜೇ ಇದೆ. ಅಲ್ಲಿನ ಮೂಳೆ ವೈದ್ಯರು ತಿಂಗಳಿಗೊಮ್ಮೆ ವಿರಾಜಪೇಟೆ, ಪೊನ್ನಂಪೇಟೆ ಕಡೆ ಬಂದು ಅನುಮಾನದ ಮಕ್ಕಳನ್ನು ನೋಡಿ ಹೋಗುವಂತಾದರೆ, ದಿನಗೂಲಿ ಬಿಟ್ಟು ಬಸ್ ಹತ್ತಬೇಕಾದ ಎಷ್ಟೋ ತಾಯಂದಿರಿಗೆ ಆ ಅಲೆದಾಟ ತಪ್ಪುತ್ತದೆ.

ತೋಟದ ಮಾಲೀಕರಲ್ಲೂ ಕೇಳುತ್ತೇನೆ. ಐವತ್ತು ಹೆಂಗಸರು ದುಡಿಯುವ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಲೇಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿದ್ದರು. ದೊಡ್ಡ ತೋಟಗಳಲ್ಲಿ ಕೆಲವು ಕಡೆ ಚೆನ್ನಾಗಿಯೇ ನಡೆದಿವೆ. ಹದಿನೈದು ಇಪ್ಪತ್ತು ಹೆಂಗಸರಿರುವ ಸಣ್ಣ ತೋಟಗಳಿಗೆ ಆ ಲೆಕ್ಕ ತಾಗುವುದೇ ಇಲ್ಲ. ಅಲ್ಲಿ ತಾಯಿ ಮಗುವನ್ನು ಎಲ್ಲಿ ಇಳಿಸಬೇಕು? ಗಿಡದ ಬುಡದಲ್ಲಿ ಮಲಗಿಸಿದರೆ ಮಳೆಗಾಲದಲ್ಲಿ ಜಿಗಣೆ, ಬಿಸಿಲಲ್ಲಿ ಚಿಗಳಿ ಇರುವೆ, ಆನೆ ಬಂದರೆ ಹುಡುಕಿ ಎತ್ತಿಕೊಳ್ಳುವಷ್ಟು ಹೊತ್ತೂ ಸಿಗುವುದಿಲ್ಲ. ಗಂಟೆಗೊಮ್ಮೆ ಇಳಿಸು ಎಂದು ನಾನು ಹೇಳಿದರೆ "ಎಲ್ಲಿ ನರ್ಸಮ್ಮ?" ಎಂದು ಅವಳು ಕೇಳುವುದು ನ್ಯಾಯವೇ. ಅಕ್ಕಪಕ್ಕದ ನಾಲ್ಕು ತೋಟದವರು ಸೇರಿ ಒಂದು ಕೋಣೆ, ಒಂದು ಚಾಪೆ, ನೋಡಿಕೊಳ್ಳಲು ಒಬ್ಬ ಹಿರಿಯ ಹೆಂಗಸು ಇಷ್ಟನ್ನು ಮಾಡಬಹುದು. ಪಂಚಾಯಿತಿಗಳ ಶಿಶುಪಾಲನೆಯ ಕೂಸಿನ ಮನೆ ಯೋಜನೆಯನ್ನು ಕೊಯ್ಲಿನ ತಿಂಗಳುಗಳಲ್ಲಾದರೂ ತೋಟದ ಮಕ್ಕಳಿಗೆ ತೆರೆದರೆ ಇನ್ನೂ ಒಳ್ಳೆಯದು.

ಬಟ್ಟೆ ಕಟ್ಟುವ ಕ್ರಮ ತೋರಿಸಲು ಯಾವ ಉಪಕೇಂದ್ರದವರು ಕರೆದರೂ ಗುರುವಾರದ ಲಸಿಕೆ ದಿನ ನಾನು ಬರುತ್ತೇನೆ. ಬಸ್ಸಿನ ಖರ್ಚು ಕೊಡಬೇಕಿಲ್ಲ, ಹಳೆಯ ಹತ್ತಿ ಸೀರೆಯನ್ನೂ ನಾನೇ ತರುತ್ತೇನೆ. ನನ್ನ ಜೊತೆಗೆ ತೋಟದ ಹೆಂಗಸೊಬ್ಬಳು ಬರಬೇಕು, ನನಗಿಂತ ಚೆನ್ನಾಗಿ ಕಟ್ಟುವವಳು ಅವಳೇ. ಅವಳ ಆ ದಿನದ ಕೂಲಿಯನ್ನು ಮಾತ್ರ ಕರೆದವರು ಕೊಡಬೇಕು.

ಇಂತಿ,
ನಿವೃತ್ತ ಆರೋಗ್ಯ ಸಹಾಯಕಿ,
ಅಮ್ಮತ್ತಿ ಸಮೀಪ, ಕೊಡಗು ಜಿಲ್ಲೆ